ಹುರುಳಿ ಹಾಸಿದ ರಸ್ತೆ

ಇಷ್ಟು ವಯಸ್ಸಾದ ಮೇಲೆ ನನ್ನನ್ನು ಸೈಕಲ್ ಹತ್ತಿಸಿದವಳು ನನ್ನ ಮೊಣಕಾಲಿನ ಚಿಕಿತ್ಸೆ ಮಾಡುತ್ತಿದ್ದ ಹುಡುಗಿ. ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ಒಂದು ಕ್ಲಿನಿಕ್ಕಿನಲ್ಲಿ ಆಕೆ ಫಿಸಿಯೋಥೆರಪಿಸ್ಟ್. ಊರು ವಿಜಯಪುರದ ಕಡೆ. ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆ ಮಾಡಿಕೊಂಡಿದ್ದಳು. ನಾನು ಬ್ಯಾಂಕಿನ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಅಷ್ಟು ವರ್ಷ ಕುರ್ಚಿಯಲ್ಲೇ ಕೂತಿದ್ದ ಮೊಣಕಾಲು, ಇನ್ನು ಬೇಕಾದಲ್ಲಿ ತಿರುಗಾಡಬಹುದು ಅನ್ನುವ ಹೊತ್ತಿಗೆ ಸರಿಯಾಗಿ ಮುನಿಸಿಕೊಂಡಿತ್ತು. ಕ್ಲಿನಿಕ್ಕಿನಲ್ಲಿ ನೆಲಕ್ಕೆ ಕಚ್ಚಿಕೊಂಡು ನಿಂತ ಸೈಕಲ್ಲೊಂದಿತ್ತು. ಎದುರಿನ ಗೋಡೆ ನೋಡಿಕೊಂಡು ಅದನ್ನು ತುಳಿಯಬೇಕು.

“ಈ ಗೋಡೆ ನೋಡಿ ನೋಡಿ ಸಾಕಾಯ್ತು ಕಣಮ್ಮ,” ಎಂದೆ ಒಂದು ದಿನ.

“ನನಗೂ ಬ್ಯಾಸರಾಗೇತ್ರಿ ಅಕ್ಕಾರ,” ಎಂದಳು ಆಕೆ, ದಿನವೂ ಅದೇ ಗೋಡೆಯ ಪಕ್ಕ ನಿಲ್ಲುವವಳು. “ಹೊರಗ ಹೋಗೂಣೇನ್ರಿ? ನನ್ನ ಹಂತೇಕ ಸೈಕಲ್ ಐತಿ. ನೀವೂ ಒಂದು ತಗೊಳ್ರಿ. ಮೊಣಕಾಲಿಗೆ ಅದಕ್ಕಿಂತ ಚಲೋ ಔಷಧ ಇಲ್ಲ.”

ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಕನ್ನಡಕ ತೆಗೆದು ನನ್ನನ್ನು ಪೂರ್ತಿ ನೋಡಿದರು. “ಬಿದ್ದು ಕೈ ಮುರ್ಕೊಂಡ್ರೆ ಅದಕ್ಕೂ ಆ ಹುಡುಗಿ ಹತ್ರಾನೇ ಹೋಗ್ಬೇಕಲ್ಲ. ಒಳ್ಳೆ ವ್ಯಾಪಾರ,” ಎಂದರು. ಆದರೆ ಅಂಗಡಿಗೆ ಜೊತೆಗೆ ಬಂದು, ಸೀಟು ಮೆತ್ತಗಿದೆಯೇ ಎಂದು ನಾಲ್ಕು ಸಲ ಒತ್ತಿ ನೋಡಿದವರೂ ಅವರೇ.

ಮೊದಲ ಕೆಲವು ವಾರ ನಾವಿಬ್ಬರೂ ಜಯನಗರದ ಮರಗಳ ಕೆಳಗೇ ಸುತ್ತಿದೆವು. ಭಾನುವಾರದ ನಸುಕಿನಲ್ಲಿ ಆ ಬೀದಿಗಳು ನಮ್ಮವೇ ಅನ್ನಿಸುತ್ತಿದ್ದವು. ಆದರೆ ಬಿಸಿಲು ಏರುವ ಮೊದಲೇ ಕಾರುಗಳೆಲ್ಲ ಎದ್ದುಬಿಡುತ್ತಿದ್ದವು. ಬಸ್ಸೊಂದು ಹಿಂದಿನಿಂದ ಹಾರ್ನ್ ಹೊಡೆದರೆ ನಾನು ಸೈಕಲ್ ಇಳಿದು ಯಾರದೋ ಗೇಟಿಗೆ ಒರಗಿಕೊಂಡು ನಿಂತುಬಿಡುತ್ತಿದ್ದೆ. ಒಂದು ಸಲ ಹಾಗೆ ನಿಂತಾಗ ಗೇಟಿನ ಒಳಗಿಂದ ಒಬ್ಬರು ಬಂದು, “ಯಾರು ಬೇಕಿತ್ತು ಮೇಡಂ?” ಎಂದು ಕೇಳಿದ್ದರು. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ಮಾತಾಡಲು ಆಗುತ್ತಿರಲಿಲ್ಲ. ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಆಕೆ ಮುಂದಿನಿಂದ ಏನೋ ಕೂಗಿದರೆ ನನಗೆ ಮಾತಿನ ಬಾಲವಷ್ಟೇ ಕೇಳಿಸುತ್ತಿತ್ತು.

“ಜೋಡೀಲೆ ಮಾತಾಡ್ಕೋತ ಹೋಗೂ ರಸ್ತಾ ಬೇಕ್ರಿ ನಮಗ,” ಎಂದು ಆಕೆ ಮೊಬೈಲಿನಲ್ಲಿ ನಕ್ಷೆ ತೆರೆದಳು. ಕನಕಪುರ ರಸ್ತೆಯ ದಪ್ಪ ಹಳದಿ ಗೆರೆಯನ್ನು ಬೆರಳಿನಿಂದ ದೊಡ್ಡದು ಮಾಡುತ್ತಾ ಹೋದ ಹಾಗೆ, ಹಾರೋಹಳ್ಳಿಯ ಆಚೆ ಎಡಕ್ಕೆ ಕೂದಲೆಳೆಯಂಥ ದಾರಿಗಳು ಕಾಣಿಸಿದವು. ಒಂದು ಕೆರೆಯಿಂದ ಇನ್ನೊಂದು ಕೆರೆಗೆ, ಒಂದು ಹಳ್ಳಿಯಿಂದ ಇನ್ನೊಂದಕ್ಕೆ, ಯಾವುದೇ ಅವಸರವಿಲ್ಲದೆ ಸುತ್ತಿಕೊಂಡು ಹೋಗುವ ದಾರಿಗಳು.

ಆದರೆ ಅಲ್ಲಿಯವರೆಗೆ ಹೋಗಬೇಕಲ್ಲ. ಬನಶಂಕರಿಯಿಂದ ಆಚೆ ಕನಕಪುರ ರಸ್ತೆಯಲ್ಲಿ ಸೈಕಲ್ ತುಳಿಯುವ ಧೈರ್ಯ ನನಗಿರಲಿಲ್ಲ. ಕೊನೆಗೆ ತಿಲಕ್ ನಗರದ ಗೂಡ್ಸ್ ಆಟೋದವರೊಬ್ಬರನ್ನು ಗೊತ್ತು ಮಾಡಿದೆವು. ಸಂಕ್ರಾಂತಿಗೆ ಇನ್ನೂ ಎರಡು ವಾರವಿದ್ದ ಒಂದು ಭಾನುವಾರ, ಸೈಕಲ್‌ಗಳನ್ನು ಹಗ್ಗದಿಂದ ಬಿಗಿಯುತ್ತಾ ಅವರು ತಲೆ ಅಲ್ಲಾಡಿಸಿದರು.

“ಸೈಕಲ್ ಮೇಲೆ ನೀವು ಹೋಗೋದು ನೋಡಿದೀನಿ ಮೇಡಂ. ಸೈಕಲ್ಲೇ ಆಟೋ ಹತ್ಕೊಂಡು ಹೋಗೋದು ಇದೇ ಫಸ್ಟ್.”

“ಅದಕ್ಕೂ ವಯಸ್ಸಾಗಿದೆ ಅಂತ ತಿಳ್ಕೊಳ್ಳಿ,” ಎಂದೆ. ಸೈಕಲ್ ಕೊಂಡು ಇನ್ನೂ ಮೂರು ತಿಂಗಳಾಗಿರಲಿಲ್ಲ.

ಹಾರೋಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಅವರು ನಮ್ಮನ್ನು ಇಳಿಸಿ, ಸಂಜೆ ಇದೇ ಜಾಗಕ್ಕೆ ಬರುತ್ತೇನೆಂದು ಹೇಳಿ ಹೋದರು. ನಾವು ಎಡಕ್ಕೆ ತಿರುಗಿದೆವು. ಮೊದಲ ತಿರುವಿನಲ್ಲಿ ಹೆದ್ದಾರಿಯ ಸದ್ದು ಸಣ್ಣದಾಯಿತು, ಎರಡನೆಯದರಲ್ಲಿ ನಿಂತೇ ಹೋಯಿತು. ಇಬ್ಬನಿ ಇನ್ನೂ ಆರಿರಲಿಲ್ಲ. ಎರಡೂ ಬದಿಯಲ್ಲಿ ಕೊಯ್ದ ರಾಗಿಯ ಕೂಳೆ, ನಡುನಡುವೆ ಸಾಲು ಬಿಟ್ಟ ಅವರೆ. ಆ ಅವರೆಯ ಸೊಗಡು ಚಳಿಯ ಜೊತೆ ಮೂಗಿಗೆ ಬಡಿಯುತ್ತಿತ್ತು. ಮೂಗು ಸೋರುತ್ತಿದ್ದರೂ ನಾನು ಆಳವಾಗಿ ಉಸಿರೆಳೆದುಕೊಂಡೆ.

ಆ ಬೆಳಗ್ಗೆ ನಮಗೆ ಎದುರಾದವರು ಇಷ್ಟೇ: ಹಸು ಹೊಡೆದುಕೊಂಡು ಹೊರಟಿದ್ದ ಹೆಂಗಸು, ಮೊಪೆಡ್ಡಿನ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಸೊಪ್ಪೇ ಓಡಿಬರುತ್ತಿರುವಂತೆ ಕಂಡ ಒಬ್ಬ ಗಂಡಸು, ಮತ್ತೆ ನಮ್ಮನ್ನು ಅಟ್ಟಿಸಿಕೊಂಡು ಬರಬೇಕೋ ಬೇಡವೋ ಎಂದು ಯೋಚಿಸಿ, ಬೇಡವೆಂದು ಮತ್ತೆ ಮಲಗಿದ ನಾಯಿ. ರೇಷ್ಮೆ ಸಾಕುವ ಮನೆಗಳ ಗೋಡೆಗೆ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದರು. ಹುಳು ಗೂಡು ಕಟ್ಟುವ ಆ ದೊಡ್ಡ ತಟ್ಟೆಗಳ ಒಳಗೆ ಸುರುಳಿ ಸುರುಳಿ. “ನಮ್ಮ ಕಡೆ ಇವು ಇಲ್ರಿ,” ಎಂದು ಆಕೆ ಪ್ರತಿ ಮನೆಯ ಮುಂದೂ ನಿಧಾನ ಮಾಡುತ್ತಿದ್ದಳು.

ನಾವು ರಸ್ತೆಯ ನಟ್ಟನಡುವೆ, ಅಕ್ಕಪಕ್ಕ ಹೋಗುತ್ತಿದ್ದೆವು. ಮಾತಿಗೆ ಮಿತಿಯೇ ಇರಲಿಲ್ಲ. ಆಕೆ ತನ್ನ ಊರಿನ ಎರೆಹೊಲದ ಬಗ್ಗೆ ಹೇಳಿದಳು. ದಿಬ್ಬವಿಲ್ಲ, ಮರವಿಲ್ಲ, ಕಣ್ಣು ಹಾಯುವಷ್ಟು ಜೋಳ, ಮಳೆ ಬಂದರೆ ಆ ಮಣ್ಣು ಚಕ್ರಕ್ಕೆ ಅಂಟಿಕೊಂಡು ಸೈಕಲ್ಲನ್ನೇ ಹೆಗಲ ಮೇಲೆ ಹೊರಬೇಕು. ಕಾಲೇಜಿಗೆ ಹೋಗುವಾಗ ಎಷ್ಟೋ ದಿನ ಹಾಗೆ ಹೊತ್ತಿದ್ದಾಳಂತೆ. ನಾನು ಬ್ಯಾಂಕಿನ ಕಥೆ ಹೇಳಿದೆ. ಏರು ಬಂದಾಗ ಇಬ್ಬರೂ ಸುಮ್ಮನಾಗುತ್ತಿದ್ದೆವು, ಇಳಿಜಾರು ಬಂದಾಗ ಇಬ್ಬರೂ ಒಟ್ಟಿಗೆ ಕೂಗುತ್ತಿದ್ದೆವು. ಅರವತ್ತರ ಹೆಂಗಸು ಇಳಿಜಾರಿನಲ್ಲಿ ಕೂಗಿದರೆ ನೋಡುವವರು ಯಾರೂ ಇಲ್ಲ ಅನ್ನುವುದೇ ದೊಡ್ಡ ಸುಖ.

ಬಿಸಿಲು ಚೆನ್ನಾಗಿ ಏರಿದ ಮೇಲೆ, ಒಂದು ಹೊಂಗೆ ಮರದ ತಿರುವು ಕಳೆದದ್ದೇ ನಾವು ಬ್ರೇಕ್ ಹಾಕಬೇಕಾಯಿತು. ರಸ್ತೆಯೇ ಕಾಣುತ್ತಿರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ, ಒಂದು ಮದುವೆ ಚಪ್ಪರದಷ್ಟು ಉದ್ದಕ್ಕೆ, ಒಣಗಿದ ಹುರುಳಿ ಗಿಡ ಹರಡಿತ್ತು. ಪಕ್ಕದ ಮೋರಿ ಕಟ್ಟೆಯ ಮೇಲೆ, ಸೆರಗನ್ನು ತಲೆಗೆ ಕಟ್ಟಿಕೊಂಡು ನನ್ನ ವಯಸ್ಸಿನ ಒಬ್ಬ ಹೆಂಗಸು ಕವೆಗೋಲು ಹಿಡಿದು ಕೂತಿದ್ದಳು. ನಮ್ಮನ್ನು ಕಂಡು ಮುಖ ಅರಳಿತು, ಸೈಕಲ್ ಎಂದು ತಿಳಿದ ಮೇಲೆ ಮುದುಡಿತು.

“ಸೈಕಲ್ಲಾ?” ಎಂದಳು. “ಬೆಳಗ್ಗಿಂದ ಕಾಯ್ತಾ ಕುಂತಿವ್ನಿ ಕಣವ್ವ. ಒಂದೇ ಒಂದು ಗಾಡಿ ಬರ್ನಿಲ್ಲ.”

ಹಿಂದಿನ ಕಾಲದಂತೆ ಕಣ ಮಾಡಿ, ಎತ್ತು ಕಟ್ಟಿ, ಗುಂಡು ಉರುಳಿಸಿ ಹುರುಳಿ ಒಕ್ಕುವುದು ಈಗ ಕಡಿಮೆ. ರಸ್ತೆಗೆ ಹಾಸಿದರೆ ಹೋಗಿ ಬರುವ ಕಾರು, ಬಸ್ಸು, ಲಾರಿಗಳೇ ತುಳಿದು ಕಾಳು ಉದುರಿಸುತ್ತವೆ. ಆದರೆ ಊರಿನ ಆ ಬದಿಯಲ್ಲಿ ಹೊಸ ರಸ್ತೆಯಾಗಿ, ಗಾಡಿಗಳೆಲ್ಲ ಅತ್ತಲೇ ಹೋಗುತ್ತಿದ್ದವು. ಇತ್ತ ಬರುವುದು ಹಾಲಿನ ವ್ಯಾನು ಮತ್ತು ಶಾಲೆಯ ಬಸ್ಸು ಮಾತ್ರ. ಹಾಲಿನ ವ್ಯಾನು ಇಬ್ಬನಿ ಆರುವ ಮೊದಲೇ ಹೋಗಿಬಿಟ್ಟಿತ್ತು. ಅಂದು ಭಾನುವಾರ ಅನ್ನುವುದು ಹುರುಳಿಯನ್ನೆಲ್ಲ ಹೊತ್ತು ತಂದು ಹಾಸಿದ ಮೇಲೆ ಆಕೆಗೆ ನೆನಪಾಗಿತ್ತು.

“ಒಳ್ಳೆ ತಾರ್ ರಸ್ತೆ ಮಾಡ್ಕೊಟ್ರು. ಅದ್ರ ಮೇಲೆ ಓಡಾಕೆ ಗಾಡಿ ಕೊಡ್ನಿಲ್ಲ,” ಎಂದು ಆಕೆ ರಸ್ತೆಯನ್ನೇ ಬೈದಳು.

ನಾನು ನನ್ನ ಸಂಗಾತಿಯ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಗಾಡಿಯೇ ಇಲ್ಲದ ರಸ್ತೆ ಬೇಕೆಂದು ಆಟೋ ಮಾಡಿಕೊಂಡು ಬಂದವರು ನಾವು ಎಂದು ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

“ನೀವೇ ಒಸಿ ಅತ್ತಾಗೂ ಇತ್ತಾಗೂ ಓಡಾಡ್ರವ್ವ,” ಎಂದಳು ಹುರುಳಿಯವಳು. “ಇಬ್ರಿದ್ದೀರ. ನಾಕು ಚಕ್ರ ಆಯ್ತು. ಒಂದು ಕಾರ್ ಲೆಕ್ಕನೇ.”

ಇಲ್ಲ ಎನ್ನಲಾಗಲಿಲ್ಲ. ಇಬ್ಬರೂ ಸೈಕಲ್ ಹತ್ತಿ ಹುರುಳಿಯ ಮೇಲೆ ಹೊರಟೆವು. ಕಾಲ ಕೆಳಗೆ ಪಟಪಟ ಸದ್ದು, ಚಕ್ರ ಒಮ್ಮೆ ಹುಗಿದು ಒಮ್ಮೆ ಜಾರಿ, ಹಾಸಿಗೆಯ ಮೇಲೆ ಸೈಕಲ್ ಹೊಡೆದ ಹಾಗೆ. ಒಂದು ಸಲ ಹೋಗಿ ತಿರುಗಿ ಬಂದೆವು. ಹುರುಳಿಯವಳು ಬಗ್ಗಿ ನೋಡಿದಳು. “ಐದಾರು ಕಾಳು ಬಿತ್ತು,” ಎಂದಳು. ಉತ್ತೇಜನ ಕೊಡುವ ಮಾತೋ ಅಲ್ಲವೋ ತಿಳಿಯಲಿಲ್ಲ. ಮತ್ತೆ ಹೊರಟೆವು. ಈ ಸಲ ಹುಡುಗಿಯ ಗೇರ್ ಸೈಕಲ್ಲಿನ ಹಿಂದಿನ ಹಲ್ಲುಗಳಿಗೆ ಹುರುಳಿಯ ಬಳ್ಳಿ ಸುತ್ತಿಕೊಂಡಿತು. ಸೈಕಲ್ ಗಕ್ಕನೆ ನಿಂತು ಆಕೆ ಪಕ್ಕಕ್ಕೆ ವಾಲಿದಳು. ಆಕೆಯ ಹ್ಯಾಂಡಲ್ ನನಗೆ ತಗುಲಿ ನಾನೂ ವಾಲಿದೆ. ಇಬ್ಬರೂ ಹುರುಳಿಯ ಮೇಲೆ ಮಲಗಿದೆವು. ಒಂದು ಚೂರೂ ನೋವಾಗಲಿಲ್ಲ. ಏಳಲು ಪ್ರಯತ್ನಿಸಿದಷ್ಟೂ ನಗು ಬಂದು ಏಳಲು ಆಗಲಿಲ್ಲ. ಕವೆಗೋಲು ಬಿಸಾಡಿ ಓಡಿಬಂದ ಹುರುಳಿಯವಳು, ನಾವು ಅಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತಾನೂ ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬಳ್ಳಿ ಬಿಡಿಸಲು ಮೂವರೂ ಕೂತೆವು. ಹಾಗೆ ಬಿಡಿಸುತ್ತಿರುವಾಗ ಹುಡುಗಿ ತಲೆಯೆತ್ತಿ ನೋಡಿದಳು. ಹೊಲದಾಚೆ ತೆಂಗಿನ ಮರಗಳ ಕೆಳಗೆ ಕೆಂಪು ಟ್ರ್ಯಾಕ್ಟರ್ ನಿಂತಿತ್ತು.

“ಯವ್ವಾ, ಅಲ್ಲಿ ಟ್ರ್ಯಾಕ್ಟರ್ ಐತಲ್ಲ. ಅದು ಯಾರದು?”

ಹುರುಳಿಯವಳ ಮುಖ ಬಿಗಿಯಿತು. “ನಮ್ ಮೈದುನಂದು. ಮಾತಿಲ್ಲ.”

“ಯಾಕ್ರಿ?”

“ಅವನ ಮಗಳ ಮದ್ವೇಲಿ ನನ್ನ ಮೂರನೇ ಪಂಕ್ತಿಗೆ ಕೂರ್ಸಿದ. ಮದ್ವೆ ಹೆಣ್ಣಿಗೆ ಅರಿಶಿನ ಅಚ್ಚಿದೋಳು ನಾನು. ಮೂರು ದಿನ ನಿದ್ದೆಗೆಟ್ಟೋಳು ನಾನು. ನನ್ನ ಎಲೆ ತಾವ್ಕೆ ಬರೋ ಒತ್ತಿಗೆ ಒಬ್ಬಟ್ಟೇ ಮುಗ್ದೋಗಿತ್ತು!” ಎಂದು ಬಳ್ಳಿಯನ್ನು ಜೋರಾಗಿ ಎಳೆದಳು. “ನಾನೇನು ಒಬ್ಬಟ್ಟು ಕಾಣದೋಳಾ? ಆದ್ರೂ ಒಂದು ಮರ್ಯಾದೆ ಬ್ಯಾಡ್ವಾ?”

ನಾನು “ಪಾಪ, ತಪ್ಪು ತಪ್ಪೇ” ಎಂದು ಏನೋ ಗೊಣಗಿ ಮತ್ತೆ ಬಳ್ಳಿಗೆ ಕೈ ಹಾಕಿದೆ. ನಮ್ಮ ಜಯನಗರದ ಮನೆಗಳಲ್ಲೂ ಇಂಥ ಎಲೆಯ ಜಗಳಗಳಿಗೆ ಬರವಿಲ್ಲ. ಅವುಗಳೊಳಗೆ ಕೈ ಹಾಕಬಾರದು ಎಂದು ನಾನು ಕಲಿತಿದ್ದೆ. ಹುಡುಗಿ ಅದನ್ನು ಕಲಿತಿರಲಿಲ್ಲ. ಸೈಕಲ್ ನೆಟ್ಟಗೆ ಮಾಡಿ, “ನಾ ಕೇಳ್ಕೊಂಡು ಬರ್ತೀನ್ರಿ,” ಎಂದು ಹತ್ತಿಯೇ ಬಿಟ್ಟಳು.

“ಬ್ಯಾಡ ಕಣವ್ವ! ನಾನ್ ಕಳಿಸ್ದೆ ಅಂದ್ಕೋತಾನೆ!” ಎಂದು ಹುರುಳಿಯವಳು ಕೂಗಿದಳು. ಆದರೆ ಎದ್ದು ಹಿಂದೆ ಹೋಗಲಿಲ್ಲ. ಕವೆಗೋಲು ತೆಗೆದುಕೊಂಡು ಹುರುಳಿ ಮಗುಚತೊಡಗಿದಳು, ಕಣ್ಣು ಮಾತ್ರ ತೆಂಗಿನ ಮರಗಳ ಕಡೆ. ನಾನೂ ಒಂದು ಕೋಲು ಹಿಡಿದು ಮಗುಚಿದೆ. ಸ್ವಲ್ಪ ಹೊತ್ತಿನ ಮೇಲೆ ಟ್ರ್ಯಾಕ್ಟರಿನ ಡಬಡಬ ಕೇಳಿಸಿತು. ಹುಡುಗಿ ಮುಂದೆ ಸೈಕಲ್ಲಿನಲ್ಲಿ, ಹಿಂದೆ ಕೆಂಪು ಟ್ರ್ಯಾಕ್ಟರ್, ಮಂತ್ರಿಯ ಕಾರಿನ ಮುಂದೆ ಪೊಲೀಸರು ಬರುವ ಹಾಗೆ ಬಂದರು.

ಮೈದುನ ದಪ್ಪ ಮೀಸೆಯ, ಹೆಗಲ ಮೇಲೆ ಟವೆಲು ಹಾಕಿದ ಗಂಡಸು. ಅತ್ತಿಗೆಯ ಕಡೆ ನೋಡದೆ ನನ್ನ ಕಡೆ ನೋಡಿ ಹೇಳಿದ, “ಎಲ್ಲಿಂದ ಎಲ್ಲೀಗಂಟ ತುಳೀಬೇಕು ಅಂತ ಕೇಳಿ ಮೇಡಂ.”

ಅತ್ತಿಗೆ ಎರಡು ಮಾರು ದೂರದಲ್ಲೇ ನಿಂತಿದ್ದಳು. “ಆಸಿರೋದು ಕಣ್ಣಿಗೆ ಕಾಣಾಕಿಲ್ವಾ ಅಂತ ಕೇಳವ್ವ,” ಎಂದಳು ನನಗೆ.

“ಕಾಣ್ತದೆ. ಗೌರವಕ್ಕೆ ಕೇಳ್ದೆ ಅಂತ ಹೇಳಿ.”

“ಗೌರವ ಗೊತ್ತೈತಾ ಅಂತ ಕೇಳು.”

ನಾನು ಒಂದು ಮಾತನ್ನೂ ದಾಟಿಸಲಿಲ್ಲ, ಬರೀ ಅತ್ತ ಇತ್ತ ತಲೆ ತಿರುಗಿಸುತ್ತಾ ನಿಂತಿದ್ದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಎಷ್ಟೋ ಜಗಳಗಳ ನಡುವೆ ನಿಂತಿದ್ದೇನೆ. ಇಷ್ಟು ಸುಲಭದ ಮಧ್ಯಸ್ಥಿಕೆ ಯಾವತ್ತೂ ಸಿಕ್ಕಿರಲಿಲ್ಲ.

ಟ್ರ್ಯಾಕ್ಟರ್ ಹುರುಳಿಯ ಮೇಲೆ ಏರಿತು. ನಮ್ಮ ಸೈಕಲ್‌ಗಳು ಮಾಡಲಾಗದ್ದನ್ನು ಆ ದೊಡ್ಡ ಚಕ್ರಗಳು ಒಂದೇ ಸಲಕ್ಕೆ ಮಾಡಿದವು. ಕಾಯಿ ಒಡೆಯುವ ಸದ್ದು ಸಣ್ಣ ಮಳೆಯ ಹಾಗಿತ್ತು. ಅವನು ಹೋಗಿ ತಿರುಗಿ ಬರುತ್ತಿದ್ದ, ನಾವು ಮೂವರೂ ಹಿಂದೆಯೇ ಓಡಿ ಗಿಡಗಳನ್ನು ಮಗುಚುತ್ತಿದ್ದೆವು. ಧೂಳು ಕೂದಲಿಗೆ, ಬಾಯಿಗೆ, ಎಲ್ಲ ಕಡೆ. ಮೂರೋ ನಾಲ್ಕೋ ಸುತ್ತು ಆಗಿರಬೇಕು. ಇದ್ದಕ್ಕಿದ್ದಂತೆ ಹುರುಳಿಯವಳು ಕೋಲೆತ್ತಿ ಗಂಟಲು ಹರಿಯುವಂತೆ ಕೂಗಿದಳು:

“ಲೇ! ಅಂಚು ಬಿಟ್ಟೆ ನೋಡ್ಲಾ! ಎಡಗಡೆ ಅಂಚು!”

“ಕಾಣ್ತದೆ ಬಿಡತ್ಗೆ! ಬತ್ತಾ ಇವ್ನಿ!” ಎಂದು ಅವನೂ ಅಷ್ಟೇ ಜೋರಾಗಿ ಕೂಗಿದ.

ಕೂಗಿದ ಮೇಲೆ ಇಬ್ಬರಿಗೂ ಏನಾಯಿತೆಂದು ಗೊತ್ತಾಯಿತು. ಅವಳು ಕೋಲು ಹಿಡಿದು ಹಾಗೇ ನಿಂತಳು. ಅವನು ಟ್ರ್ಯಾಕ್ಟರ್ ನಿಲ್ಲಿಸಲಿಲ್ಲ, ಎಡ ಅಂಚಿನ ಮೇಲೆ ಬಹಳ ಎಚ್ಚರಿಕೆಯಿಂದ, ಒಂದು ಗಿಡವನ್ನೂ ಬಿಡದೆ ಹೋದ. ಅವನ ಕಿವಿ ಕೆಂಪಗಾಗಿದ್ದು ಹಿಂದಿನಿಂದ ನಮಗೆ ಕಾಣುತ್ತಿತ್ತು. ಮುಂದಿನ ಸುತ್ತಿಗೆ ಬಂದಾಗ ಆಕೆ ತಗ್ಗಿದ ದನಿಯಲ್ಲಿ, ಆದರೆ ನೇರವಾಗಿ ಅವನಿಗೇ ಕೇಳಿದಳು, “ಮಗಳು ಎಂಗವ್ಳೆ?”

“ಚೆಂದಾಗವ್ಳೆ. ಫೋನ್ ಮಾಡ್ದಾಗೆಲ್ಲ ದೊಡ್ಡವ್ವ ಎಲ್ಲಿ ಅಂತಾಳೆ,” ಎಂದ. ಸ್ಟಿಯರಿಂಗ್ ನೋಡುತ್ತಲೇ ಮುಂದುವರಿಸಿದ, “ಒಬ್ಬಟ್ಟಿಗೆ ನಾನೇ ಓಡ್ದೆ ಅತ್ಗೆ. ಬಟ್ಟಲು ಹಿಡ್ಕೊಂಡು ಬರೋ ಒತ್ಗೆ ನೀನು ಎಲೆ ಮಡ್ಚಿ ಎದ್ದೋಗಿದ್ದೆ.”

ಆಕೆ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಒರೆಸಿಕೊಂಡದ್ದು ಧೂಳೊಂದೇ ಎಂದು ನಾನು ಹೇಳಲಾರೆ.

ಕೆಲಸ ಮುಗಿದ ಮೇಲೆ ಹುರುಳಿಯವಳು ನಮ್ಮನ್ನು ಬಿಡಲಿಲ್ಲ. ಮನೆ ಅಲ್ಲೇ, ಹೊಂಗೆ ಮರದ ಹಿಂದೆ. ಜಗಲಿಯ ಮೇಲೆ ನಾಲ್ಕು ತಟ್ಟೆ ಇಟ್ಟು, ಮೊದಲ ಮುದ್ದೆಯನ್ನು ಮೈದುನನ ತಟ್ಟೆಗೆ ಹಾಕಿದಳು. ಆಮೇಲೆ ನನಗೆ, ಆಮೇಲೆ ಹುಡುಗಿಗೆ. ಅವರೆಕಾಳಿನ ಬಿಸಿ ಸಾರು. ನಾನು ಚೂರು ಮುರಿದು ಸಾರಿನಲ್ಲಿ ಹೊರಳಿಸಿ ನುಂಗುತ್ತಿದ್ದೆ. ಪಕ್ಕಕ್ಕೆ ನೋಡಿದರೆ ಹುಡುಗಿಯ ದವಡೆ ಒಂದೇ ಸಮನೆ ಆಡುತ್ತಿತ್ತು.

“ಅಗೀಬ್ಯಾಡ ಕಣವ್ವ, ನುಂಗು,” ಎಂದ ಮೈದುನ.

ಆಕೆ ಬಾಯಿ ತುಂಬಿಕೊಂಡೇ ಹೇಳಿದಳು, “ಅಗೀಲಾರ್ದ ನುಂಗಬಾರದು ಅಂತ ನಮ್ಮವ್ವ ಹೇಳ್ಯಾಳ್ರಿ.”

“ನಿಮ್ಮವ್ವಂಗೆ ಮುದ್ದೆ ಗೊತ್ತಿಲ್ಲ ಬಿಡು,” ಎಂದು ಹುರುಳಿಯವಳು ಇನ್ನೊಂದು ಚೂರನ್ನು ತಾನೇ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಆಕೆಯ ಬಾಯಿಗೇ ಇಟ್ಟಳು. ಆಕೆ ಕಣ್ಣು ಮುಚ್ಚಿ ನುಂಗಿದಳು. ಕಣ್ಣು ತೆರೆದಾಗ ತೇರ್ಗಡೆಯಾದವರ ಮುಖವಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಊಟವಾದ ಮೇಲೆ ಹುರುಳಿಯವಳು ಭುಜ ಹಿಡಿದುಕೊಂಡು ಎದ್ದದ್ದನ್ನು ಹುಡುಗಿ ಗಮನಿಸಿದಳು. ತಕ್ಷಣ ಆಕೆಯ ದನಿ ಕ್ಲಿನಿಕ್ಕಿನದಾಯಿತು. “ಕೈ ಮ್ಯಾಲೆ ಎತ್ರಿ. ಎಲ್ಲಿ ನೋಯ್ತೈತಿ?” ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಮೇಲೆ ನಡೆಸುವ ವ್ಯಾಯಾಮ ಹೇಳಿಕೊಟ್ಟು, ತನ್ನ ಫೋನ್ ನಂಬರನ್ನೂ ಕೊಟ್ಟಳು. ಯುಗಾದಿಯ ಮಾರನೆಯ ದಿನ ಆ ನಂಬರಿಗೆ ಕರೆ ಬಂತಂತೆ. ಭುಜ ವಾಸಿ, ಹಬ್ಬದ ಊಟ ಮೈದುನನ ಮನೆಯಲ್ಲಿ ಆಯಿತು, ಒಬ್ಬಟ್ಟು ಮೊದಲ ಪಂಕ್ತಿಯಲ್ಲೇ ಸಿಕ್ಕಿತು, ಆದರೆ ಬೆಲ್ಲ ಕಡಿಮೆ ಎಂದು ಆಕೆ ಹೇಳಿದಳಂತೆ.

ಅಂದು ನಾವು ಹೊರಟಾಗ ನೆರಳು ಉದ್ದವಾಗುತ್ತಿತ್ತು. ಸೈಕಲ್ಲಿನ ಹಿಂದೆ ಟವೆಲಿನಲ್ಲಿ ಕಟ್ಟಿದ ಅವರೆಕಾಯಿ. ಅತ್ತಿಗೆ ಮತ್ತು ಮೈದುನ ಇಬ್ಬರೂ ರಸ್ತೆಯ ಮೇಲೆ ಬಗ್ಗಿ ಕಾಳು ಗುಡಿಸುತ್ತಾ, ಯಾವುದೋ ಹೊಲದ ಬೇಲಿಯ ಬಗ್ಗೆ ಆಗಲೇ ವಾದ ಮಾಡುತ್ತಿದ್ದರು. ಅವರಿಗೆ ಕೈ ಬೀಸಲು ಬಿಡುವಿರಲಿಲ್ಲ.

“ಅಲ್ಲ ಕಣೇ, ಅವನ ಹತ್ರ ಹೋಗಿ ಏನಂತ ಕೇಳಿದೆ?” ಎಂದೆ ನಾನು, ಅಕ್ಕಪಕ್ಕ ಸೈಕಲ್ ತುಳಿಯುತ್ತಾ. ಆಕೆಗೆ ನೀನು, ಕಣೇ ಎಂದದ್ದು ಅದೇ ಮೊದಲು. ಅದು ತಾನಾಗಿ ಬಂದಿತ್ತು.

“ನಿಮ್ಮ ಅತ್ತಿಗಿ ಹುರುಳಿ ಹಾಸ್ಕೊಂಡು ಬಿಸಿಲಾಗ ಕುಂತಾಳ, ಗಾಡಿ ಬರವಲ್ದು ಅಂದೆ. ಆಕಿ ಕಳಿಸಿದ್ಲೇನು ಅಂತ ಕೇಳಿದ. ಇಲ್ಲ, ಬ್ಯಾಡ ಅಂದಾಳ ಅಂದೆ. ಬ್ಯಾಡ ಅನ್ನುವಾಗ ಜೋರಾಗಿ ಅಂದ್ಲೋ ಮೆತ್ತಗ ಅಂದ್ಲೋ ಅಂತ ಕೇಳಿದ್ನರಿ ಅಕ್ಕಾರ.”

“ನೀನೇನಂದೆ?”

“ಭಾಳ ಜೋರಾಗೇ ಅಂದ್ಲು ಅಂದೆ. ಹಂಗಾದ್ರ ಬರ್ಬೇಕು ಅಂತ ಹೇಳಿ ಚಾವಿ ತಗೊಂಡ.”

ದಾರಿ ಒಂದು ಕೆರೆಯ ಏರಿಯ ಮೇಲೆ ಹೋಯಿತು. ನೀರಿನಲ್ಲಿ ಕರಿ ಹಕ್ಕಿಗಳ ಗುಂಪು, ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಸದ್ದು. ಗಾಳಿ ಬೆನ್ನಿಗೆ ಬೀಸುತ್ತಿತ್ತು, ಪೆಡಲ್ ಮೇಲೆ ಕಾಲು ಇಟ್ಟರೆ ಸಾಕು, ಸೈಕಲ್ ತಾನೇ ಹೋಗುತ್ತಿತ್ತು. ಏರಿಯ ಕೊನೆಗೆ ಬಂದಾಗ ದೂರದಲ್ಲಿ ಹೆದ್ದಾರಿಯ ಲಾರಿಗಳು ಗೊಂಬೆಗಳಂತೆ ಕಂಡವು. ನಾವಿಬ್ಬರೂ ಒಟ್ಟಿಗೆ ಬ್ರೇಕ್ ಹಿಡಿದೆವು.

“ಆಟೋ ಬರೋಕೆ ಇನ್ನೂ ಟೈಮಿದೆ ಅಲ್ವಾ?” ಎಂದೆ.

“ಐತ್ರಿ,” ಎಂದಳು ಆಕೆ, ಗಡಿಯಾರ ನೋಡದೆ.

ಸೈಕಲ್ ತಿರುಗಿಸಿಕೊಂಡು ಏರಿಯ ಆ ತುದಿಯವರೆಗೆ ಇನ್ನೊಂದು ಸಲ ಹೋದೆವು. ಈ ಸಲ ಗಾಳಿ ಎದುರಿಗಿತ್ತು.